ಸತ್ತವರ ಕತ್ತಿ

ಅಂಗಡಿ ಬಾಗಿಲಿನ ಅಗುಳಿಗೆ ಅವಳು ಕೈ ಹಾಕಿದ್ದಳು. ನಾದಿನಿಯ ಮಗಳು ಓಡಿ ಬಂದು ಮಣಿಕಟ್ಟು ಹಿಡಿದುಕೊಂಡಳು.

"ಅತ್ತೆ, ಬೇಡ. ಒಳಗಿನ ಒಂದು ಬಾಚಣಿಗೇನೂ ಮುಟ್ಟಬೇಡಿ ಅಂತ ಬೆಳಗ್ಗೆಯಿಂದ ಬಡ್ಕೋತಿದ್ದೀನಿ."

"ಕತ್ತಿ ತರ್ತೀನಿ ಕಣೇ. ನಿಮ್ಮ ಮಾವನ ಮುಖ ನೋಡು ಹೇಗಿದೆ."

ಮುಖ ನಿಜಕ್ಕೂ ನೋಡುವಂತಿರಲಿಲ್ಲ. ಆಸ್ಪತ್ರೆಯಲ್ಲಿ ವಾರಗಟ್ಟಲೆ ಬೆಳೆದ ಗಡ್ಡ ಕೆನ್ನೆಯ ಗುಳಿಗಳಲ್ಲಿ ಕೊಯ್ದುಳಿದ ಕೂಳೆಯಂತೆ ನಿಂತಿತ್ತು. ಬೀದಿಯೆಲ್ಲ ನುಣುಪಣ್ಣ ಎಂದು ಕರೆಯುತ್ತಿದ್ದ ಕ್ಷೌರದವನು ಇವನು. ಇವನ ಕುರ್ಚಿಯಿಂದ ಎದ್ದವರು ತಿರುವು ದಾಟುವವರೆಗೂ ತಮ್ಮ ಗಲ್ಲ ತಾವೇ ಸವರಿಕೊಂಡು ಹೋಗುತ್ತಿದ್ದರು. ಅಂಥವನು ಅಂಗಡಿಗೂ ಮನೆಗೂ ನಡುವೆ ಇದ್ದ ಒಂದೇ ಬಾಗಿಲಿನ ಈಚೆ, ಮುಂದಿನ ಕೋಣೆಯಲ್ಲಿ, ಯಾರದೋ ಮುಖ ಹೊತ್ತು ಹೆಣವಾಗಿ ಮಲಗಿದ್ದ.

ಹುಡುಗಿ ವಕೀಲರೊಬ್ಬರ ಕಚೇರಿಯಲ್ಲಿ ಟೈಪ್ ಮಾಡುವವಳು. ಕಾನೂನು ಅವಳಿಗೆ ಬೆರಳ ತುದಿಯಿಂದ ಹತ್ತಿದ್ದು. ಸತ್ತವರ ಸೊತ್ತಿನಲ್ಲಿ ಒಂದು ಕಡ್ಡಿ ಎತ್ತಿ ಬಳಸಿದರೂ ಅದನ್ನು ಒಪ್ಪಿಕೊಂಡ ಲೆಕ್ಕ, ಸೊತ್ತು ಒಪ್ಪಿದವರು ಸಾಲವನ್ನೂ ಒಪ್ಪಿದ ಲೆಕ್ಕ ಎಂದು ಮತ್ತೆ ಬಿಡಿಸಿ ಹೇಳಿದಳು. ನಾಳೆ ಕೋರ್ಟಿಗೆ ಹೋಗಿ ನನಗೇನೂ ಬೇಡ ಎಂದು ಬರೆದುಕೊಟ್ಟರೆ ಪಾರು. ಅಲ್ಲಿಯತನಕ ಈ ಬಾಗಿಲು ದಾಟಿದರೆ ಗಂಡನ ಸಾಲವೆಲ್ಲ ಹೆಂಡತಿಯ ಕೊರಳಿಗೆ.

ದಾಟುತ್ತಾಳೋ ಎಂದು ನೋಡಲಿಕ್ಕೇ ಒಬ್ಬ ಬಂದು ಕೂತಿದ್ದ. ಸಾಲದ ಕಂಪನಿಯ ವಸೂಲಿಯವನು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಮಡಿಲಲ್ಲಿ ಕ್ಯಾಮೆರಾ ತೆರೆದಿಟ್ಟ ಫೋನು. ಬೆಂಚಿನ ತುದಿಯಲ್ಲಿ ಕೂತು, ಪರಿಚಯದವರು, ಬರದೇ ಇರೋಕಾಗುತ್ತಾ ಎಂದು ಎಲ್ಲರಿಗೂ ತಾನೇ ಸಮಜಾಯಿಷಿ ಕೊಡುತ್ತಿದ್ದ. ಪರಿಚಯವೇನೋ ಹೌದು. ವಾರಕ್ಕೊಮ್ಮೆ ವಸೂಲಿಗೆ ಬಂದವನು ಕುರ್ಚಿಯಲ್ಲಿ ಕಾಲು ಚಾಚಿ ಕೂರುತ್ತಿದ್ದ. ನುಣುಪಣ್ಣ ತುಟಿ ಬಿಚ್ಚದೆ ಅವನ ಗಡ್ಡ ಬೋಳಿಸುತ್ತಿದ್ದ. ಕುರಿಯ ಕೈಲೇ ಕಟುಕ ಚಾಕು ಮಸೆಸಿಕೊಂಡ ಹಾಗೆ.

ಪಕ್ಕದಂಗಡಿಯ ದರ್ಜಿ, ಮೂಲೆಯಂಗಡಿಯಿಂದ ಬಳಸಿ ಬಿಸಾಡುವ ಬ್ಲೇಡು ತಂದುಬಿಡುತ್ತೇನೆ ಎಂದು ಎದ್ದ. ಅವಳು ಬೇಡವೆಂದು ತಲೆಯಲ್ಲಾಡಿಸಿದಳು. ಕ್ಷೌರ ಆಗಬೇಕಾದರೆ ಕನ್ನಡಿಯ ಹಿಂದೆ ತಗಡಿನ ಡಬ್ಬಿಯಲ್ಲಿರುವ ಕತ್ತಿಯಿಂದಲೇ ಆಗಬೇಕು. ಇಲ್ಲದಿದ್ದರೆ ಹೀಗೇ ಹೋಗಲಿ. ಆದರೆ ಹೀಗೆ ಕಳಿಸಿ ತಾನು ಹೇಗೆ ಬದುಕುವುದು?

*

ಸಾಲ ಅವಳ ಹೊಟ್ಟೆಯಿಂದ ಹುಟ್ಟಿದ್ದು. ಗೆಡ್ಡೆ ತೆಗೆಯದಿದ್ದರೆ ವರ್ಷ ಕಳೆಯುವುದಿಲ್ಲ ಎಂದರು ಆಸ್ಪತ್ರೆಯ ಡಾಕ್ಟರು. ಗಂಡ ಸಾಲ ಮಾಡಿ ತೆಗೆಸಿದ. ಅವಳು ಉಳಿದಳು, ಸಾಲವೂ ಉಳಿಯಿತು. ಬಡ್ಡಿ ಕಟ್ಟಲು ಹಗಲಿನ ಅಂಗಡಿ ಸಾಲದೆ ಅದೇ ಆಸ್ಪತ್ರೆಯಲ್ಲಿ ಸಂಜೆಯ ಕೆಲಸ ಹಿಡಿದ. ಆಪರೇಷನ್ನಿಗೆ ಹೋಗುವವರ ಮೈ ಬೋಳಿಸುವುದು. ನೆಲಮಾಳಿಗೆಯಲ್ಲಿ ವಾರಸುದಾರರಿಲ್ಲದ ಹೆಣಗಳಿದ್ದವು. ಅವುಗಳ ಗಡ್ಡ ತೆಗೆ ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ತಾನಾಗಿ ಇಳಿದು ಹೋಗುತ್ತಿದ್ದ, ಕಾಸು ಮುಟ್ಟುತ್ತಿರಲಿಲ್ಲ. ಅದಕ್ಕೆಂದೇ ಬೇರೆ ಕತ್ತಿ, ಕನ್ನಡಿಯ ಹಿಂದೆ ಬೇರೆ ಡಬ್ಬಿ.

ಅಂಗಡಿಯಲ್ಲಿ ನೊರೆ ಕಲಸಿಕೊಡುತ್ತಿದ್ದ ಅವಳು ಒಮ್ಮೆ ಕೇಳಿದ್ದಳು, ಹೆಣಕ್ಕೆ ಯಾಕಪ್ಪ ಇಷ್ಟು ಮಸೆತ ಎಂದು.

"ಬದುಕಿದವರಿಗೆ ಕೊಯ್ದರೆ ಮಾಯುತ್ತೆ," ಎಂದಿದ್ದ ಕತ್ತಿಯಿಂದ ಕಣ್ಣೆತ್ತದೆ. "ಸತ್ತವರಿಗೆ ಕೊಯ್ದರೆ ಹಾಗೇ ಉಳಿದುಬಿಡುತ್ತೆ."

*

ದಿವಾಳಿ ಎಂದು ಬರೆದುಕೊಟ್ಟರೆ ಸಾಲ ಮಾಫಿಯಾಗುತ್ತದಂತೆ ಎಂದು ಸುದ್ದಿ ತಂದವನು ದರ್ಜಿ. ಮರ್ಯಾದೆ ಬಿಟ್ಟು ಅರ್ಜಿ ಹಾಕಲು ನುಣುಪಣ್ಣನಿಗೆ ವರ್ಷ ಹಿಡಿಯಿತು. ಹಾಕುವ ಮುಂಚೆ ಆದಷ್ಟು ತೀರಿಸಿಬಿಡೋಣ, ದುಡಿಯದೆ ಕೈ ಎತ್ತಿದ ಅನ್ನಬಾರದು ಎಂದು ಆರು ತಿಂಗಳು ಎರಡೂ ಕಡೆ ಎತ್ತಿನಂತೆ ದುಡಿದ. ರಜೆ ಹಾಕಿದವರ ಪಾಳಿಯನ್ನೂ ಎಳೆದ. ಕಟ್ಟಿದ ಕಂತುಗಳ ರಸೀದಿಗಳನ್ನು ಅಂಚು ತಿದ್ದಿ ಜೋಡಿಸಿಕೊಂಡು, ಒಗೆದ ಅಂಗಿ ತೊಟ್ಟು, ಹೆಂಡತಿಯನ್ನೂ ಕರೆದುಕೊಂಡು ಅಧಿಕಾರಿಯ ಮುಂದೆ ನಿಂತ.

ಅಧಿಕಾರಿ ಕೆಟ್ಟವಳಲ್ಲ. ದನಿ ಮೃದುವಾಗಿತ್ತು. ಕೂರಿ ಎಂದಳು. ಆಮೇಲೆ, ಈ ಪರಿಹಾರ ತೀರಿಸಲಾಗದವರಿಗೆ, ತೀರಿಸಬಲ್ಲವರಿಗಲ್ಲ ಎಂದಳು. ಅದನ್ನು ಅಳೆಯುವುದು ಕಳೆದ ಆರು ತಿಂಗಳ ದುಡಿಮೆಯಿಂದ. ನಿಮ್ಮದು ಮಿತಿ ದಾಟಿದೆ.

"ಮೇಡಂ, ಅದು ಸಾಲ ಕಟ್ಟೋಕೇ ದುಡಿದದ್ದು. ಹಾಗೆ ದುಡಿಯೋಕೆ ಇನ್ನು ಈ ಮೈಯಿಂದ ಆಗಲ್ಲ."

"ಯಾಕೆ ದುಡಿದಿರಿ ಅಂತ ಕೇಳೋ ಜಾಗ ಈ ಫಾರಂನಲ್ಲಿ ಇಲ್ಲ."

ರಸೀದಿಗಳನ್ನು ಅಧಿಕಾರಿಯೇ ಜೋಡಿಸಿ ಕೈಗೆ ಕೊಟ್ಟಳು. ತಿರಸ್ಕೃತರಾದವರು ಮತ್ತೆ ಬಾಗಿಲು ತಟ್ಟಲು ವರ್ಷಗಟ್ಟಲೆ ಕಾಯಬೇಕು ಎಂಬುದನ್ನೂ ಅದೇ ಮೃದು ದನಿಯಲ್ಲಿ ಹೇಳಿದಳು. ಆರು ತಿಂಗಳು ಕೈ ಕಟ್ಟಿ ಕೂತಿದ್ದರೆ ಅವನು ಅರ್ಹ. ಬೆನ್ನು ಮುರಿದುಕೊಂಡಿದ್ದೇ ಅನರ್ಹತೆ.

ಆ ವಾರವೇ ಬಂಗಲೆಗಳನ್ನು ಕಟ್ಟಿಸುವ ಕಂತ್ರಾಟುದಾರ ಅಂಗಡಿಗೆ ಬಂದು ಅದೇ ಕುರ್ಚಿಯಲ್ಲಿ ಕೂತ. ಇಡೀ ಬೀದಿಯನ್ನು ಮಾರಿದರೂ ತೀರದಂಥ ಸಾಲ ಅವನದು, ಒಂದೇ ದಿನದಲ್ಲಿ ರದ್ದಾಗಿತ್ತು. ಹೇಗೆ ಸ್ವಾಮಿ ಎಂದು ನುಣುಪಣ್ಣ ಮೆಲ್ಲಗೆ ಕೇಳಿದ. "ಮುಳುಗಿದ್ದು ಕಂಪನಿ ಕಣಯ್ಯ, ನಾನಲ್ಲ," ಎಂದು ಕಂತ್ರಾಟುದಾರ ನೊರೆಯೊಳಗೇ ನಕ್ಕ. ಗಂಟಲ ಮೇಲಿದ್ದ ಕತ್ತಿ ಒಂದು ಗಳಿಗೆ ನಿಂತಿತು. ಅವಳು ನೋಡಿದಳು. ಮತ್ತೆ ನಯವಾಗಿ ಮೇಲಕ್ಕೆ ಸರಿಯಿತು.

*

"ಕಾಯೋ ಅವಧಿ ಮುಗಿದು ಮುಂದಿನ ತಿಂಗಳು ಮತ್ತೆ ಅರ್ಜಿ ಹಾಕೋದಿತ್ತು," ಎಂದ ದರ್ಜಿ ಯಾರಿಗೋ. "ಈ ಸಲ ಆಗ್ತಿತ್ತು. ಈಗ ಆದಾಯಾನೇ ಇಲ್ಲವಲ್ಲ, ಪೂರ್ತಿ ಅರ್ಹ." ಅಂದ ಮೇಲೆ ತಾನೇ ತಲೆ ತಗ್ಗಿಸಿದ.

ಹೊರಗೆ ಹೆಣ ಒಯ್ಯುವ ವ್ಯಾನು ಬಂದು ನಿಂತಿತು. ಚಾಲಕ ಇಣುಕಿ, ಎತ್ತೋದಾ ಎಂದ.

ಅವಳು ಬಾಗಿಲು ಬಿಟ್ಟು ಬೆಂಚಿನ ಹತ್ತಿರ ಬಂದಳು.

"ಒಳಗಿರೋದೆಲ್ಲ ಈಗ ಯಾರದು?"

ವಸೂಲಿಯವನು ಫೋನು ಕೆಳಗಿಟ್ಟ. "ಅದು... ನಿಮಗೆ ಬೇಡ ಅಂದ್ರೆ ನಮ್ಮ ಕಂಪನಿಗೇ ಬರುತ್ತಮ್ಮ. ಕುರ್ಚಿ, ಕನ್ನಡಿ, ಎಲ್ಲ."

"ಕನ್ನಡಿ ಹಿಂದೆ ಒಂದು ಡಬ್ಬಿ ಇದೆ. ಅದರಲ್ಲಿ ನಿಮ್ಮ ಕತ್ತಿ ಇದೆ. ತಗೊಂಡು ಬನ್ನಿ."

"ನಾನಾ?"

"ನಾನು ಮುಟ್ಟಿದ್ರೆ ನೀವು ಫೋಟೋ ಹಿಡೀತೀರಿ. ನೀವು ಮುಟ್ಟಿದ್ರೆ ಯಾರೂ ಹಿಡಿಯಲ್ಲ. ವಾರ ವಾರ ಮಾಡಿಸಿಕೊಂಡಿದ್ದೀರಿ. ಒಂದು ಸಲ ಮಾಡಿ."

ದರ್ಜಿ ಎದ್ದು ಹೋಗಿ ಬೀದಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ವ್ಯಾನಿನ ಚಾಲಕನೂ ಕೀಲಿಕೈ ಜೇಬಿಗೆ ಹಾಕಿದ. ವಸೂಲಿಯವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಎಲ್ಲರೂ ನೋಡುತ್ತಿದ್ದದ್ದು ಅವನ ನುಣ್ಣನೆಯ ಗಲ್ಲವನ್ನು. ಎದ್ದ. ಅಗುಳಿ ತೆಗೆದ. ಒಳಗೆ ತಗಡು ಸದ್ದಾಯಿತು.

ಅವಳು ಅಡುಗೆಮನೆಯಿಂದ ತನ್ನದೇ ಸೋಪು, ತನ್ನದೇ ಬಟ್ಟಲು ತಂದು ನೊರೆ ಎಬ್ಬಿಸಿದಳು. ಗಂಡನ ಪಕ್ಕ ಕೂತು ನಾದಿನಿಯ ಮಗಳ ಕಡೆ ನೋಡಿದಳು.

"ಈ ಕೆನ್ನೆ ಸೊತ್ತಿನ ಲೆಕ್ಕಕ್ಕೆ ಸೇರುತ್ತೇನೇ?"

ಹುಡುಗಿ ಇಲ್ಲವೆಂದು ತಲೆಯಾಡಿಸಿದಳು.

ಅವಳು ಎರಡು ಬೆರಳಿನಿಂದ ತಣ್ಣನೆಯ ತೊಗಲನ್ನು ಮೇಲಕ್ಕೆಳೆದು ಬಿಗಿ ಮಾಡಿ ಹಿಡಿದಳು. ವಸೂಲಿಯವನು ಮಂಡಿಯೂರಿದ. ಕತ್ತಿಯನ್ನು ಒಮ್ಮೆಲೇ ಕೆನ್ನೆಗೆ ಒತ್ತಲು ಹೋದ.

"ಅವಸರ ಬೇಡ," ಎಂದಳು. "ಕೊಯ್ದರೆ ಮಾಯೋದಿಲ್ಲ."

ಕತ್ತಿ ಒಂದು ಗೆರೆ ಇಳಿಯಿತು. ಅಲಗಿನ ಮೇಲೆ ನೊರೆ, ನೊರೆಯೊಳಗೆ ನರೆತ ಕೂದಲು. ಒರೆಸಲು ಬಟ್ಟೆಗಾಗಿ ಅವನು ಸುತ್ತ ನೋಡಿದ. ಯಾರೂ ಕೊಡಲಿಲ್ಲ. ಸ್ವಲ್ಪ ಹೊತ್ತು ಕತ್ತಿಯನ್ನು ಗಾಳಿಯಲ್ಲೇ ಹಿಡಿದಿದ್ದು, ಕೊನೆಗೆ ಎಡಗೈ ಚಾಚಿ, ಇಸ್ತ್ರಿ ಮುರಿಯದ ತನ್ನ ಬಿಳಿ ತೋಳಿಗೆ ಅಲಗನ್ನು ಒರೆಸಿಕೊಂಡ. ಅವಳು ಬೆರಳನ್ನು ಇನ್ನಷ್ಟು ಕೆಳಕ್ಕೆ ಸರಿಸಿ, ಮುಂದಿನ ಗೆರೆಗೆ ತೊಗಲು ಬಿಗಿ ಮಾಡಿದಳು.