ಅನಂತಮತಿ ಅಕ್ಕನ ಅಡುಗೆಮನೆಗೆ ವೈಫೈ ಬಂದದ್ದು

ನಮ್ಮ ನಾರಾವಿ ಕಡೆ ಮನೆಯೊಳಗೆ ಫೋನ್ ಬಂದರೆ ಜನ ಮೊದಲು ಅಂಗಳಕ್ಕೆ ಓಡುತ್ತಾರೆ, ಆಮೇಲೆ ಹಲೋ ಎನ್ನುತ್ತಾರೆ. ವೈಫೈ ಹಾಕಿಸಿಕೊಂಡ ಮನೆಗಳಲ್ಲೂ ಈ ಓಟ ನಿಂತಿಲ್ಲ. ವೈಫೈ ಡಬ್ಬಿ ಇರುವುದು ಮನೆಯ ಮುಂದಿನ ಚಾವಡಿಯಲ್ಲಿ, ಕೆಲಸ ಇರುವುದು ಅಡುಗೆಮನೆಯಲ್ಲಿ, ನಡುವೆ ಕೆಂಪುಕಲ್ಲಿನ ದಪ್ಪ ಗೋಡೆಗಳು. ನನ್ನ ಪಕ್ಕದ ಮನೆಯ ಅನಂತಮತಿ ಅಕ್ಕನದ್ದೂ ಅಂಥದೇ ಮನೆ. ಕಟ್ಟಿಸಿದವರು ಗಟ್ಟಿಯಾಗಿ ಕಟ್ಟಿಸಿದರು, ಈಗ ಅವರನ್ನು ಬೈದು ಪ್ರಯೋಜನವಿಲ್ಲ.

ಅಕ್ಕನ ಮಗಳು ಅಕ್ಷಯಾಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ತಾಯಿ ಮಗಳು ಮಾತಾಡುವುದು ಕೈಸನ್ನೆಯಲ್ಲಿ. ಅದರಲ್ಲಿ ಶಾಲೆಯಲ್ಲಿ ಕಲಿತದ್ದು ಸ್ವಲ್ಪ, ಇಬ್ಬರೂ ಒಲೆ ಮುಂದೆ ಕೂತು ತಾವೇ ಕಟ್ಟಿಕೊಂಡದ್ದು ಬಹಳ. ಮೀಸೆ ತಿರುವಿದರೆ ಅಪ್ಪ. ಮೂಗು ಮುಚ್ಚಿದರೆ ನಾನು, ಏಕೆಂದರೆ ನಮ್ಮ ಮನೆಯ ಬೆಳ್ಳುಳ್ಳಿ ಒಗ್ಗರಣೆಯ ಗಾಳಿ ನೇರ ಅವರ ಕಿಟಕಿಗೆ ಹೋಗುತ್ತದಂತೆ. ನನಗೆ ಬೇಸರವಿಲ್ಲ, ಆ ಹುಡುಗಿ ಮೂಗು ಮುಚ್ಚಿ ನಗುವುದನ್ನು ನೋಡಿದರೆ ಯಾರಿಗೂ ಬೇಸರವಾಗುವುದಿಲ್ಲ.

ಈಗ ಅಕ್ಷಯಾ ಹುಬ್ಬಳ್ಳಿಯಲ್ಲಿ ಮೊಟ್ಟೆ ಹಾಕದ ಒಂದು ಬೇಕರಿಯಲ್ಲಿ ಕೇಕಿನ ಮೇಲೆ ಕ್ರೀಮಿನ ಹೂ ಬಿಡಿಸುವ ಕೆಲಸದಲ್ಲಿದ್ದಾಳೆ. ಸಂಜೆ ಗಿರಾಕಿಗಳು ಬರುವ ಮೊದಲು ಅವಳಿಗೆ ಸ್ವಲ್ಪ ಬಿಡುವು. ಆದರೆ ಅದೇ ಹೊತ್ತಿಗೆ ಅಕ್ಕನಿಗೆ ಒಲೆ ಬಿಡಲಿಕ್ಕಾಗುವುದಿಲ್ಲ. ಜೈನರ ಮನೆ, ಸೂರ್ಯ ಮುಳುಗುವ ಮೊದಲು ಊಟ ಮುಗಿಯಬೇಕು. ಅವಳ ವಿಡಿಯೊ ಕರೆ ಬಂದಾಗ ಅಕ್ಕ ಸೌಟು ಹಿಡಿದುಕೊಂಡೇ ಚಾವಡಿಗೆ ಓಡುತ್ತಿದ್ದರು. ಅಲ್ಲಿ ಬಸದಿಯ ಕೆಲಸಕ್ಕೆ ಬಂದ ನಾಲ್ಕು ಜನ ಕೂತಿರುತ್ತಾರೆ. ಎಡಗೈಯಲ್ಲಿ ಫೋನ್, ಬಲಗೈ ಒಂದರಲ್ಲೇ ಮಾತು. ಎರಡು ಕೈ ಬೇಕಾದ ಮಾತುಗಳು ಹಾಗೇ ಉಳಿಯುತ್ತಿದ್ದವು.

ಒಂದು ದಿನ ಬಾವಿಕಟ್ಟೆಯಲ್ಲಿ ಅಕ್ಕ ನನ್ನ ಹತ್ತಿರ ಹೇಳಿದರು: "ಅವಳು ಎಂತದೋ ಹೇಳ್ಲಿಕ್ಕೆ ಬರ್ತಾಳೆ, ಅಷ್ಟರಲ್ಲಿ ನನ್ನ ಹಿಂದೆ ಯಾರೋ ಕೂತಿರುವುದು ಕಾಣ್ತದೆ, ಕೈ ಕೆಳಗೆ ಹಾಕ್ತಾಳೆ. ಅವಳ ಹಾಸ್ಟೆಲಲ್ಲಿ ಸನ್ನೆ ಗೊತ್ತಿರುವವರು ಒಬ್ಬರೂ ಇಲ್ಲ. ಇಡೀ ದಿನ ಯಾರ ಹತ್ತಿರ ಮಾತಾಡ್ತಾಳೆ ಅವಳು?"

ಅಕ್ಕನ ಗಂಡ ಸನತ್‌ಕುಮಾರರು ಒಳ್ಳೆಯ ಮನುಷ್ಯ. ಬಸದಿಯ ಉಸ್ತುವಾರಿ ಅವರದ್ದೇ. ಹೊಸತು ಏನೇ ಬರಲಿ, ಮೊದಲು ಬೇಡ ಎನ್ನುವುದು ಅವರ ಪದ್ಧತಿ. "ಬರೆದು ಕಳಿಸಿದರೆ ಆಗುವುದಿಲ್ವಾ? ಅವಳಿಗೆ ಕನ್ನಡ ಚಂದ ಬರ್ತದೆ" ಎಂದರು.

"ಬರೆದದ್ದರಲ್ಲಿ ಅವಳು ನಗುವುದು ಎಲ್ಲಿ ಉಂಟು?" ಎಂದು ಅಕ್ಕ ಕೇಳಿದರು.

ನಮ್ಮ ಸ್ವಸಹಾಯ ಸಂಘದ ಕಾರ್ಯದರ್ಶಿ ವಿಸ್ಮಿತಾಳ ಮನೆ ಗುರುವಾಯನಕೆರೆಯಲ್ಲಿ. ಅವಳು ಆಗಷ್ಟೇ ಹೊಸ ಕಂಪೆನಿಯ ಬ್ರಾಡ್‌ಬ್ಯಾಂಡ್ ತೆಗೆದುಕೊಂಡು ಮನೆಯಲ್ಲಿ ಮೆಶ್ ವೈಫೈ ಹಾಕಿಸಿದ್ದಳು. ಸಂಘದ ಸಭೆಯ ದಿನ ಅಕ್ಕನ ಸಂಗತಿ ಕೇಳಿ ನೇರ ಅವರ ಮನೆಗೇ ಬಂದಳು.

"ಮೆಶ್ ಅಂದರೆ ಎಂತದ್ದು? ಬಲೆಯಾ?" ಎಂದರು ಸನತ್‌ಕುಮಾರರು.

"ಟೆರೇಸ್ ಹಾಕುವಾಗ ಕಾಂಕ್ರೀಟಿನ ಬಾಣಲೆ ಕೈಯಿಂದ ಕೈಗೆ ದಾಟಿಸ್ತಾರಲ್ಲ ಅಣ್ಣ, ಹಾಗೆ. ಒಂದು ಡಬ್ಬಿ ಚಾವಡಿಯಲ್ಲಿ, ಅದಕ್ಕೆ ಹೊರಗಿನ ಕೇಬಲ್ ಬರ್ತದೆ. ಇನ್ನೊಂದು ಒಳಗೆ, ಅದಕ್ಕೆ ಕರೆಂಟ್ ಸಾಕು. ಮೊದಲನೆಯದ್ದು ಕೊಟ್ಟದ್ದನ್ನು ಎರಡನೆಯದ್ದು ಮನೆಯ ಹಿಂಬದಿಗೆ ದಾಟಿಸ್ತದೆ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ನೀವು ಫೋನ್ ಹಿಡ್ಕೊಂಡು ನಡೆದ ಹಾಗೆ ಅದೇ ಬದಲಾಯಿಸಿಕೊಳ್ತದೆ."

"ಒಂದು ಡಬ್ಬಿ ಕೆಲಸ ಮಾಡದಿದ್ದರೆ ಎರಡನೆಯದ್ದಾ? ಚಂದ ಉಂಟು ಮಾರಾಯ್ತಿ" ಎಂದು ಅವರು ಎದ್ದು ಹೋದರು. ಆದರೆ ಮಗಳೆಂದರೆ ಅವರಿಗೂ ಜೀವ. ಮರುವಾರವೇ ಆ ಹೊಸ ಕಂಪೆನಿಯವರನ್ನು ಕರೆಸಿದರು.

ಎರಡನೆಯ ಡಬ್ಬಿ ಎಲ್ಲಿಡಬೇಕೆಂದು ಕಂಪೆನಿಯವರು ಕೇಳಿದಾಗ ಸನತ್‌ಕುಮಾರರೇ ಮುಂದೆ ನಿಂತು, "ಸಿಗ್ನಲ್ ಇಲ್ಲದ್ದು ಅಡುಗೆಮನೆಯಲ್ಲಿ. ಹಾಗಾದರೆ ಇಡಬೇಕಾದ್ದೂ ಅಲ್ಲಿಯೇ" ಎಂದರು. ಮನೆಯ ಯಜಮಾನರು ಹೇಳಿದ ಮೇಲೆ ಅವರು ಅಲ್ಲಿಯೇ ಇಟ್ಟು ಹೋದರು. ಡಬ್ಬಿಯಲ್ಲಿ ಕೆಂಪು ದೀಪ ಹೊತ್ತಿ ಕೂತಿತು, ಫೋನಿನಲ್ಲಿ ವಿಡಿಯೊ ಬರಲಿಲ್ಲ.

ವಿಸ್ಮಿತಾ ಬಂದು ನೋಡಿ ನಕ್ಕಳು. "ಬಾಣಲೆ ದಾಟಿಸುವವನು ಮೊದಲಿನವನ ಕೈಗೆ ಎಟುಕುವಲ್ಲಿ ನಿಲ್ಲಬೇಕಲ್ಲ ಅಣ್ಣ. ಸಿಗ್ನಲೇ ಬಾರದ ಕಡೆ ಇಟ್ಟರೆ ಇದು ಎಂತ ದಾಟಿಸುವುದು? ನಡುವೆ ಇಡುವ." ಡಬ್ಬಿಯನ್ನು ನಡುಕೋಣೆಗೆ ತಂದು, ಗೋಡೆಯ ಎತ್ತರದ ಹಲಗೆಯ ಮೇಲೆ, ಸುತ್ತ ಏನೂ ಇಲ್ಲದ ಹಾಗೆ ಇಟ್ಟಳು. ದೀಪ ನೀಲಿಯಾಯಿತು. ಹಳೆಯ ಕಂಪೆನಿಯ ಡಬ್ಬಿಯನ್ನು ಆಫ್ ಮಾಡಿದಳು, ಇಲ್ಲದಿದ್ದರೆ ಫೋನ್ ಅಭ್ಯಾಸಬಲದಿಂದ ಅದನ್ನೇ ಹಿಡಿದುಕೊಳ್ಳುತ್ತದಂತೆ. ಅಡುಗೆಮನೆಯಲ್ಲಿ ಒಂದು ವಿಡಿಯೊ ಹಾಕಿ ನೋಡಿದರು. ಎಲ್ಲಿಯೂ ನಿಲ್ಲದೆ ಓಡಿತು.

ಮರುದಿನದ ಸಂಜೆಗಾಗಿ ಅಕ್ಕ ಕಾದದ್ದನ್ನು ನಾನು ನೋಡಿದ್ದೇನೆ. ಫೋನನ್ನು ಉಪ್ಪಿನ ಭರಣಿಗೆ ಒರಗಿಸಿಟ್ಟು, ಸೀರೆ ಬದಲಿಸಿ, ಅಡುಗೆಯನ್ನು ಬೇಗ ಮುಗಿಸಿ ಕೂತಿದ್ದರು. ಕರೆ ಬಂತು. ಅಕ್ಷಯಾ ಎರಡು ಕೈ ಎತ್ತಿದಳು, ಅಲ್ಲಿಗೇ ಚಿತ್ರ ನಿಂತಿತು. ಮತ್ತೆ ಹತ್ತಿ, ಮತ್ತೆ ನಿಂತಿತು. ಎತ್ತಿದ ಕೈಗಳು ಎತ್ತಿದಲ್ಲೇ ಇದ್ದವು, ಮಾತು ಮಾತ್ರ ಇಲ್ಲ. ಸ್ವಲ್ಪ ಹೊತ್ತಿಗೆ ಬರಹ ಬಂತು: ‘ಅಮ್ಮ, ಬಿಡು. ಇನ್ನು ಮೇಲೆ ಬರೆದೇ ಕಳಿಸುತ್ತೇನೆ.’

ಅಕ್ಕ ಅಳಲಿಲ್ಲ, ಅಳುವುದಕ್ಕಿಂತ ಕಷ್ಟದ ಮುಖ ಮಾಡಿಕೊಂಡು ಕೂತರು. ಸನತ್‌ಕುಮಾರರು, "ನಾನು ಮೊದಲೇ ಹೇಳಿದ್ದೆ. ನಾಳೆಯೇ ತೆಗೆಸುವ" ಎಂದರು.

ತೆಗೆಸುವ ಮೊದಲು ನಾನು ವಿಸ್ಮಿತಾಳಿಗೆ ಫೋನ್ ಮಾಡಿದೆ. ಅವಳು ಬೆಳಿಗ್ಗೆಯ ಬಸ್ಸಿಗೆ ಬಂದು ನಡುಕೋಣೆಗೆ ಹೋದವಳು ಅಲ್ಲಿಯೇ ನಿಂತುಬಿಟ್ಟಳು. ಹಲಗೆಯ ಮೇಲೆ ಡಬ್ಬಿ ಕಾಣಲಿಲ್ಲ. ಒಂದು ದೊಡ್ಡ ಸ್ಟೀಲ್ ಪಾತ್ರೆ ಬೋರಲಾಗಿ ಕೂತಿತ್ತು.

"ಅಕ್ಕ, ಇದು ಯಾರು ಮುಚ್ಚಿದ್ದು?"

"ನಾನೇ" ಎಂದರು ಅಕ್ಕ. "ಹಾತೆಗಳ ಕಾಲ ಅಲ್ವಾ? ಮೊನ್ನೆ ರಾತ್ರಿ ಎಲ್ಲಾ ದೀಪ ಆರಿಸಿದ ಮೇಲೆ ಆ ನೀಲಿ ಬೆಳಕಿಗೆ ಹುಳಗಳು ಬಂದವು, ಅವನ್ನು ತಿನ್ಲಿಕ್ಕೆ ಹಲ್ಲಿ ಬಂತು. ನಮ್ಮ ದೀಪದಿಂದಾಗಿ ಆ ಜೀವಗಳು ಸಾಯುವುದು ಯಾಕೆ ಅಂತ ಪಾತ್ರೆ ಹಾಕಿದೆ. ಬೆಳಕು ಮಾತ್ರ ಮುಚ್ಚುವುದು ಅಂತ ಗ್ರಹಿಸಿದೆ."

ವಿಸ್ಮಿತಾ ನಗಲಿಲ್ಲ, ನಾನೂ ನಗಲಿಲ್ಲ. ಅವರ ಮನೆಯಲ್ಲಿ ಇರುವೆಗೂ ದಾರಿ ಬಿಟ್ಟು ನಡೆಯುವುದನ್ನು ನಾವು ಬಲ್ಲೆವು. "ಲೋಹದ ಪಾತ್ರೆ ಮುಚ್ಚಿದರೆ ಸಿಗ್ನಲ್ ಹೊರಗೆ ಬರುವುದಿಲ್ಲ ಅಕ್ಕ. ಕಬ್ಬಿಣದ ಕಪಾಟಿನೊಳಗೆ ಇಟ್ಟರೂ ಹಾಗೇ, ಫ್ರಿಜ್ಜಿನ ಹಿಂದೆ ಇಟ್ಟರೂ ಹಾಗೇ. ನಿಮಗೆ ಬೇಡದ್ದು ಬೆಳಕು ತಾನೆ? ಅದನ್ನು ಮಾತ್ರ ಆರಿಸುವ" ಎಂದು ಫೋನಿನಲ್ಲಿದ್ದ ಕಂಪೆನಿಯ ಆ್ಯಪ್ ತೆರೆದು ಒಂದು ಕಡೆ ಒತ್ತಿದಳು. ನೀಲಿ ದೀಪ ಆರಿತು, ವೈಫೈ ಹಾಗೇ ಇತ್ತು.

"ದೀಪ ಇಲ್ಲದೆಯೂ ಆಗ್ತದಾ?" ಎಂದರು ಸನತ್‌ಕುಮಾರರು, ಮೊದಲ ಬಾರಿ ಸ್ವಲ್ಪ ಆಸಕ್ತಿಯಿಂದ.

"ಆಗ್ತದೆ ಅಣ್ಣ. ಸಿಡಿಲು ಬಂದರೆ ಮಾತ್ರ ಎರಡರದ್ದೂ ಪ್ಲಗ್ ತೆಗೀರಿ. ನಿಂತ ಮೇಲೆ ಎರಡನ್ನೂ ಪುನಃ ಹಾಕ್ಬೇಕು."

ಆ ಸಂಜೆ ಅಕ್ಕನೇ ಮಗಳಿಗೆ ಕರೆ ಮಾಡಿದರು, ಅವಳಿಗೆ ಅಂದು ವಾರದ ರಜೆ. ನಾನು ಹಿಂಬಾಗಿಲಲ್ಲಿ ನಿಂತಿದ್ದೆ. ಚಿತ್ರ ನಿಲ್ಲಲಿಲ್ಲ. ಅಕ್ಷಯಾ ನಂಬದೆ ಒಂದು ಕೈ ಆಡಿಸಿ ನೋಡಿದಳು, ಆಮೇಲೆ ಎರಡೂ ಕೈ. ಆಮೇಲೆ ಅವಳ ಕೈಗಳು ನಿಲ್ಲಲೇ ಇಲ್ಲ. ತಿಂಗಳುಗಟ್ಟಲೆ ಕೂಡಿಟ್ಟದ್ದೆಲ್ಲ ಒಮ್ಮೆಗೇ ಬಂತು. ಬೇಕರಿಯ ಬಿಸಿ, ಹಾಸ್ಟೆಲಿನ ಸಪ್ಪೆ ಸಾರು, ಅವಳ ಎದುರೇ ತುಟಿ ಆಡಿಸಿ ನಗುವವರು. ನನಗೆ ಅರ್ಥವಾದದ್ದು ಇಷ್ಟೇ. ಉಳಿದದ್ದು ತಾಯಿ ಮಗಳಿಗೆ ಗೊತ್ತು. ನಡುವೆ ಒಮ್ಮೆ ಕಣ್ಣೊರೆಸಿಕೊಂಡಳು, ಒಮ್ಮೆ ನನ್ನನ್ನು ಕಂಡು ಮೂಗು ಮುಚ್ಚಿದಳು.

ಅನ್ನ ಒಲೆಯ ಮೇಲೆಯೇ ಇತ್ತು. ಕಿಟಕಿಯ ಬಿಸಿಲು ಗೋಡೆ ಹತ್ತಿ, ಕೆಂಪಾಗಿ, ಇಲ್ಲವಾಯಿತು. ಸನತ್‌ಕುಮಾರರು ಊಟಕ್ಕೆಂದು ಬಂದವರು ಬಾಗಿಲಲ್ಲೇ ನಿಂತರು. ಹೊತ್ತು ಮೀರುತ್ತಿರುವುದನ್ನು ಅವರು ನೋಡುತ್ತಿದ್ದರು, ಆದರೆ ಹೆಂಡತಿಯನ್ನು ಕರೆಯಲಿಲ್ಲ. ಸೂರ್ಯ ಮುಳುಗಿದ ಮೇಲೆ ಆ ಮನೆಯಲ್ಲಿ ಊಟವಿಲ್ಲ. ಆ ರಾತ್ರಿ ಇಬ್ಬರಿಗೂ ಉಪವಾಸ.

ಕೊನೆಗೆ ಅಕ್ಷಯಾ ಅಪ್ಪನನ್ನು ಕಂಡಳು. ಮೀಸೆ ತಿರುವಿ, ಬೆರಳು ಕೂಡಿಸಿ ಬಾಯಿಗೆ ತಂದು, ಹುಬ್ಬು ಏರಿಸಿದಳು. ಅಪ್ಪ, ಊಟ ಆಯ್ತಾ?

ಸನತ್‌ಕುಮಾರರಿಗೆ ಸನ್ನೆ ಬರುವುದಿಲ್ಲ, ಕಲಿಯುವ ಗೋಜಿಗೆ ಹೋದವರೂ ಅಲ್ಲ. ಇದೊಂದು ಅವರಿಗೆ ತಿಳಿಯಿತು. ಪರದೆಯ ಹತ್ತಿರ ಬಂದು ಹೊಟ್ಟೆಯ ಮೇಲೆ ಕೈ ಆಡಿಸಿ, ಆಯ್ತು ಎಂದು ತಲೆಯಾಡಿಸಿದರು. ಇಷ್ಟು ವರ್ಷಗಳಲ್ಲಿ ಅವರು ಮಗಳ ಜೊತೆ ಅವಳ ಭಾಷೆಯಲ್ಲಿ ಆಡಿದ ಮೊದಲ ಮಾತು ಅದು, ಅದೂ ಸುಳ್ಳು. ಅಕ್ಕ ಅದನ್ನು ತಿದ್ದಲಿಲ್ಲ.

ಓದುವ ಅಕ್ಕಂದಿರೇ, ಕೇಳುವ ಅಣ್ಣಂದಿರೇ, ಹೊಸ ಸಂಪರ್ಕ ಕೊಡಲು ಬಂದವರನ್ನು ಚಾವಡಿಯಲ್ಲೇ ಕೂರಿಸಿ ಚಹಾ ಕೊಟ್ಟು ಕಳಿಸಬೇಡಿ. ನೀವು ದಿನದ ಹೆಚ್ಚು ಹೊತ್ತು ಇರುವ ಜಾಗಕ್ಕೆ ಕರೆದುಕೊಂಡು ಹೋಗಿ, ಅಲ್ಲಿ ವಿಡಿಯೊ ಹಾಕಿ ತೋರಿಸಲು ಹೇಳಿ. ಎರಡನೆಯ ಡಬ್ಬಿ ನಡುವೆ ಇರಲಿ, ತೆರೆದ ಜಾಗದಲ್ಲಿರಲಿ, ಅದರ ಮೇಲೆ ಏನನ್ನೂ ಮುಚ್ಚಬೇಡಿ. ಪಾಸ್‌ವರ್ಡ್ ನಿಮ್ಮದೇ ಇಟ್ಟುಕೊಳ್ಳಿ. ಗೊತ್ತಾಗದಿದ್ದರೆ ಸಂಘದಲ್ಲಿ ಕೇಳಿ, ನಾವು ಬರುತ್ತೇವೆ. ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಒಳಗಿನ ಮೂಲೆಯಲ್ಲಿ ಕೂತು ದೂರದ ಒಂದು ಮುಖಕ್ಕಾಗಿ ಕಾಯುತ್ತಿರಬಹುದು. ಆ ಮೂಲೆ ಯಾವುದೆಂದು ಇವತ್ತೇ ಎದ್ದು ನೋಡಿ.