ಕಬ್ಬಿಣದ ಪುಡಿಯ ಕೋರ್

ಬೇರೆ ಊರಿನಲ್ಲಿ ತಂಗಿಗೆ ಕೆಲಸ ಸಿಕ್ಕಿತ್ತು. "ಆಕ್ಸಿಜನ್ ಯಂತ್ರದ ಪವರ್ ಸಪ್ಲೈ ಮುಗಿಸಿ, ಸರಿಯಿದೆ ಅಂತ ಸಹಿ ಹಾಕು, ಆಮೇಲೆ ಎಲ್ಲಿಗಾದ್ರೂ ಹೋಗು" ಎಂದಿದ್ದ ಅಣ್ಣ. ಕಾರ್ಖಾನೆ ಅವನದು. ಅಪ್ಪ ಹೋದ ಮೇಲೆ ಅವಳನ್ನು ಎಂಜಿನಿಯರಿಂಗ್ ಓದಿಸಿದವನೂ ಅವನೇ. ಅವನಿಗೆ ಎದುರಾಡಿ ಅವಳಿಗೆ ರೂಢಿಯಿರಲಿಲ್ಲ.

ಉಸಿರಾಟದ ತೊಂದರೆಯಿರುವವರು ಹೆಗಲಿಗೆ ನೇತುಹಾಕಿಕೊಂಡು ಓಡಾಡುವ ಪುಟ್ಟ ಯಂತ್ರ ಅದು. ಅದರ ಪವರ್ ಸಪ್ಲೈ ಒಳಗೆ, ತಾಮ್ರದ ತಂತಿ ಸುತ್ತಿದ ಬಳೆಯಂಥ ಒಂದು ಕಾಂತೀಯ ತಿರುಳು, ಕೋರ್. ಅದು ಯಾವ ವಸ್ತುವಿನದ್ದಾಗಿರಬೇಕು ಎನ್ನುವುದೇ ತಲೆನೋವಾಗಿತ್ತು. ಫೆರೈಟ್ ತಣ್ಣಗಿರುತ್ತದೆ, ಆದರೆ ಪಿಂಗಾಣಿಯ ಜಾತಿ. ಯಂತ್ರ ಕೈಜಾರಿ ಬಿದ್ದರೆ ಬಿರುಕು. ಕಬ್ಬಿಣದ ಪುಡಿಯನ್ನು ಅಂಟಿನೊಂದಿಗೆ ಒತ್ತಿ ಮಾಡಿದ್ದು ಬಿದ್ದರೂ ಒಡೆಯದು, ಆದರೆ ಕಾಯುತ್ತದೆ. ಕಾದಂತೆ ಒಳಗಿನ ಅಂಟು ಕೆಟ್ಟು ಇನ್ನಷ್ಟು ಕಾಯುತ್ತದೆ, ಕೊನೆಗೆ ಯಂತ್ರವೇ ನಿಂತುಹೋಗಬಹುದು. ಸಿಲಿಕಾನ್, ಅಲ್ಯೂಮಿನಿಯಂ ಬೆರೆತ ಪುಡಿಯ ಕೋರ್ ಪೆಟ್ಟು, ಬಿಸಿ ಎರಡನ್ನೂ ತಡೆದುಕೊಳ್ಳುತ್ತಿತ್ತು. ಗಾತ್ರ ಮಾತ್ರ ದೊಡ್ಡದು. ಅಣ್ಣ ಆಗಲೇ ಪೆಟ್ಟಿಗೆಯ ಅಚ್ಚು ಮಾಡಿಸಿಬಿಟ್ಟಿದ್ದ. ಎಷ್ಟು ಒತ್ತಿದರೂ ಮುಚ್ಚಳ ಕೂರಲಿಲ್ಲ.

"ಕಬ್ಬಿಣದ್ದು ಪರೀಕ್ಷೆ ಪಾಸಾಯ್ತಲ್ಲ? ಇನ್ನೇನು ಅಡ್ಡಿ?" ಎಂದು ಅಣ್ಣ ಪರೀಕ್ಷಾ ಕೋಣೆಗೇ ಬಂದ.

"ಹೊಸದು ಪಾಸಾಯ್ತು. ಇದನ್ನ ವಾರಗಟ್ಟಲೆ ಬಿಸಿಯಲ್ಲಿಟ್ಟಿದ್ದೆ, ಹಳೇದಾದ್ರೆ ಹೇಗಿರುತ್ತೆ ಅಂತ. ಈಗ ಕರೆಂಟ್ ಕೊಟ್ಟು ಸ್ವಲ್ಪ ಹೊತ್ತಷ್ಟೇ ಆಯ್ತು, ಮುಟ್ಟಿ ನೋಡಣ್ಣ."

ಅವನು ಬೆರಳಿಟ್ಟವನೇ ಚುರ್ರೆಂದು ಹಿಂದಕ್ಕೆಳೆದುಕೊಂಡ. ಬೆರಳನ್ನು ಊದಿಕೊಳ್ಳುತ್ತ, "ಅಷ್ಟೊತ್ತಿಗೆ ನೀನೇ ಇಲ್ಲಿರಲ್ಲ. ನಿನಗ್ಯಾಕೆ ಊರ ಉಸಾಬರಿ?" ಎಂದ. ಸಹಿಯ ಹಾಳೆಯನ್ನು ಮುಂದೆ ಸರಿಸಿದ.

ಅವಳು ಪೆನ್ನು ಹಿಡಿದಳು. ಒಂದು ಗೀಚು ಎಳೆದರೆ ಸಾಕು, ಬಿಡುಗಡೆ. ಆ ಊರಿನಲ್ಲಿ ನೋಡಿಟ್ಟ ಬಾಡಿಗೆ ಕೋಣೆ ಕಣ್ಣಮುಂದೆ ಬಂತು. ಅದರ ಹಿಂದೆಯೇ, ಮೆಟ್ಟಿಲ ನಡುವೆ ಯಂತ್ರ ನಿಂತುಹೋಗಿ ಕಂಬಿ ಹಿಡಿದು ಏದುಸಿರು ಬಿಡುವ ಯಾರೋ ಅಜ್ಜಿ. ಪೆನ್ನು ಕೆಳಗಿಟ್ಟಳು.

"ಆಗಲ್ಲಣ್ಣ. ದೊಡ್ಡ ಕೋರ್ ಹಾಕಿದ್ರೆ ಮಾತ್ರ ಸಹಿ."

ಅವನು ರೇಗಲಿಲ್ಲ. ಸಹಿಯ ಹಾಳೆಯನ್ನು ಮಡಚಿ ಜೇಬಿಗಿಟ್ಟ. "ಸರಿ, ಹೊಸ ಅಚ್ಚು ಮಾಡಿಸ್ತೀನಿ. ಪರೀಕ್ಷೆಯೆಲ್ಲ ಮತ್ತೆ ಮೊದಲಿಂದ. ಯಾರು ಮಾಡ್ತಾರೆ?"

ಉತ್ತರ ಇಬ್ಬರಿಗೂ ಗೊತ್ತಿತ್ತು. ತಾನು ಹಾಗೇ ಬಿಟ್ಟು ಹೋದರೆ ಅವನು ಇನ್ನೊಬ್ಬರಿಂದ ಕಬ್ಬಿಣದ್ದಕ್ಕೇ ಸಹಿ ಹಾಕಿಸುತ್ತಾನೆ.

"ನಾನೇ" ಎಂದಳು.

ಮಧ್ಯಾಹ್ನ ಆ ಊರಿನ ಕಂಪನಿಗೆ ಫೋನ್ ಮಾಡಿ ಕೆಲವು ತಿಂಗಳು ಸಮಯ ಕೇಳಿದಳು. ಅಷ್ಟು ದಿನ ಕಾಯಲಾಗದು ಎಂದು ಅವರು ಮರ್ಯಾದೆಯಿಂದಲೇ ಹೇಳಿದರು. ಅವಳು ದೊಡ್ಡ ಕೋರ್ ಎತ್ತಿಕೊಂಡು ತಂತಿ ಸುತ್ತತೊಡಗಿದಳು. ಬಾಗಿಲಾಚೆ ಅಣ್ಣ ಅಮ್ಮನೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದ.

"ಇಲ್ಲಮ್ಮ, ಹೋಗಲ್ಲ. ಅವಳೇ ಒಪ್ಕೊಂಡಳು, ನಾನೇನೂ ಬಲವಂತ ಮಾಡಿಲ್ಲ."

ಅವನ ದನಿಯಲ್ಲಿ ಖುಷಿಯಿತ್ತು. ಅವಳ ಕೈಯಲ್ಲಿ ತಂತಿ ಸಿಕ್ಕುಗಟ್ಟಿತು. ಬಿಚ್ಚಿ, ಮೊದಲಿನಿಂದ ಸುತ್ತಿದಳು.