ಹಳದಿ ಬಣ್ಣದ ಜಾಗ

ನಗರಸಭೆಯ ನಕ್ಷೆ ವಿಭಾಗದಲ್ಲಿ ಅವಳನ್ನು ಎಲ್ಲರೂ ಚುಕ್ಕಿ ಮೇಡಂ ಎನ್ನುತ್ತಿದ್ದರು. ಊರಿನ ಆಸ್ತಿ ತೆರಿಗೆ ದಾಖಲೆಗಳನ್ನು ಕಂಪ್ಯೂಟರಿನ ನಕ್ಷೆಗೆ ಒಂದೊಂದೇ ಚುಕ್ಕಿಯಾಗಿ ಜೋಡಿಸಿ, ಮನೆಗೆ ಕೆಂಪು, ಅಂಗಡಿಗೆ ನೀಲಿ, ಖಾಲಿ ಜಾಗಕ್ಕೆ ಹಳದಿ ತುಂಬುವುದು ಅವಳ ಕೆಲಸ. ಹೆರಿಗೆ ಆಸ್ಪತ್ರೆಗೆ ಜಾಗ ಹುಡುಕಿಕೊಡಿ ಎಂದು ಮೇಲಿನವರು ಕೇಳಿದಾಗ ಎರಡು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು, ಮುಖ್ಯರಸ್ತೆಯ ಪಕ್ಕದ ಒಂದು ಹಳದಿ ಜಾಗವನ್ನು ಆರಿಸಿದ್ದಳು. ವರದಿಯಲ್ಲಿ ‘ಹಿಂದಿನ ಬಳಕೆ: ಯಾವುದೂ ಇಲ್ಲ’ ಎಂದು ಬರೆದವಳೂ ಅವಳೇ.

ಅಡಿಪಾಯ ಅಗೆಯುವ ದಿನ ಬೆಳಿಗ್ಗೆ ಅವಳು ಊಟದ ಮೇಜಿನ ಮೇಲೆ ನಕ್ಷೆ ಮಡಚುತ್ತಿದ್ದಾಗ ಮಾವ ಕನ್ನಡಕ ಏರಿಸಿಕೊಂಡು ಬಗ್ಗಿದರು. ಮೂವತ್ತು ವರ್ಷ ಅದೇ ಬೀದಿಗಳಲ್ಲಿ ಚಪ್ಪಲಿ ಸವೆಸಿ ತೆರಿಗೆ ವಸೂಲಿ ಮಾಡಿದವರು. ಅವರ ಬೆರಳು ಆ ಜಾಗದ ಮೇಲೆ ನಿಂತಿತು. ಅಲ್ಲಿ ಏನು ಬರುತ್ತದೆಂದು ಕೇಳಿದರು. ಹೇಳಿದಳು.

“ಅದು ಜಾಗ ಅಲ್ಲಮ್ಮಾ, ಗುಂಡಿ. ಮೊದಲು ಕಲ್ಲು ತೆಗೀತಿದ್ರು. ಆಮೇಲೆ ಊರಿನ ಕಸವೆಲ್ಲ ತಂದು ಸುರಿದು, ಮೇಲೆ ಮಣ್ಣು ಎಳೆದುಬಿಟ್ರು.”

ಕಂಪ್ಯೂಟರಿಗೆ ಏರಿದ್ದು ಕಳೆದ ಹದಿನೆಂಟು ವರ್ಷದ ದಾಖಲೆ ಮಾತ್ರ. ಅದಕ್ಕೂ ಹಿಂದಿನ ಪುಸ್ತಕಗಳ ಕಡೆ ಅವಳು ತಲೆ ಹಾಕಿಯೂ ಮಲಗಿರಲಿಲ್ಲ.

ಗಂಟೆ ಎಂಟೂವರೆ. ಒಂಬತ್ತೂವರೆಗೆ ಅಗೆತ ಶುರು. ನಾಲ್ಕನೆಯ ಸಲಕ್ಕೆ ಫೋನೆತ್ತಿದ ಹಿರಿಯ ಎಂಜಿನಿಯರ್, ವಯಸ್ಸಾದವರ ನೆನಪು ನಂಬಿಕೊಂಡು ಕೆಲಸ ನಿಲ್ಲಿಸಲಾಗದು, ಕಾಗದ ತನ್ನಿ ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟರು.

ಮಾವನನ್ನು ಕಾರಿನಲ್ಲಿ ಕೂರಿಸಿಕೊಂಡು ನಗರಸಭೆಗೆ ಓಡಿದಳು. ದಾಖಲೆ ಕೋಣೆಯ ಬೀಗ ತೆಗೆಸುವುದರಲ್ಲೇ ಕಾಲು ಗಂಟೆ ಹೋಯಿತು. ಒಳಗೆ ಸೂರು ಮುಟ್ಟುವಷ್ಟು ಪುಸ್ತಕಗಳು. ಅವಳು ಹದಿನೇಳನೆಯ ವಾರ್ಡಿನ ಕಪಾಟಿನಲ್ಲಿ ತಡಕಾಡಿದಳು. ಆ ಜಾಗದ ಸುಳಿವೇ ಇಲ್ಲ. ಆಗ ಅದು ಒಂಬತ್ತನೆಯ ವಾರ್ಡು ಎಂದು ಮಾವ ನೆನಪಿಸಿದರು. ಹುಳ ಹಿಡಿದ ಒಂದು ಪುಟದಲ್ಲಿ ಅವರದೇ ದುಂಡು ಅಕ್ಷರ ಸಿಕ್ಕಿತು: ಕಲ್ಲುಗಣಿ, ಆಳ ಅರವತ್ತು ಅಡಿ. ಫೋಟೊ ತೆಗೆದು ಎಂಜಿನಿಯರಿಗೆ ಕಳಿಸಿದಳು. ಉತ್ತರವಿಲ್ಲ. ಗಡಿಯಾರ ಒಂಬತ್ತೂಮುಕ್ಕಾಲು ತೋರಿಸುತ್ತಿತ್ತು.

ಅವರಿಬ್ಬರೂ ಜಾಗಕ್ಕೆ ಹೋಗಿ ಮುಟ್ಟಿದಾಗ ಆಳೆತ್ತರದ ಕಂದಕ ಆಗಲೇ ತೆರೆದಿತ್ತು. ಮೇಲೆ ಕೆಂಪು ಮಣ್ಣು, ಕೆಳಗೆ ಮಸಿಯಂಥ ಕಪ್ಪು. ಒಳಗೆ ಇಬ್ಬರು ಕೂಲಿಯವರು ಟೇಪು ಹಿಡಿದು ಅಳೆಯುತ್ತಿದ್ದರು. ಅವರ ತಲೆಯ ಮೇಲಿನ ಅಂಚಿನಲ್ಲೇ ಅಗೆಯುವ ಯಂತ್ರ ಗುರುಗುಡುತ್ತ ನಿಂತಿತ್ತು. ಕೆಲಸ ನಿಲ್ಲಿಸಿ ಎಂದು ಅವಳು ಕೇಳಿಕೊಂಡರೆ, ಮೇಸ್ತ್ರಿ ಯಾರ ಆದೇಶ, ಎಲ್ಲಿದೆ ಎಂದು ಕೈ ಚಾಚಿದ.

ಅವಳು ಕಂದಕದೊಳಗಿದ್ದವರ ಕಡೆ ಕೈ ತೋರಿಸಿದಳು.

“ಆದೇಶ ಇಲ್ಲ. ಈ ಜಾಗ ಆರಿಸಿದವಳು ನಾನೇ. ನೋಡದೆ ತಪ್ಪು ಬರೆದಿದ್ದೀನಿ. ಮೊದಲು ಅವರನ್ನ ಮೇಲೆ ಕರೀರಿ.”

ಮೇಸ್ತ್ರಿ ಅವಳ ಮುಖ ನೋಡಿದ, ಮಾವನ ಮುಖ ನೋಡಿದ. ಕೊನೆಗೆ ಕೂಲಿಯವರಿಗೆ ಸನ್ನೆ ಮಾಡಿದ. ಅವರು ಏಣಿ ಹತ್ತಿ ಬಂದ ಮೇಲೆ ಯಂತ್ರವನ್ನು ದೂರ ಸರಿಸಿ, ಹನ್ನೆರಡು ಅಡಿಯ ಕಬ್ಬಿಣದ ಸರಳೊಂದನ್ನು ಮೇಲಿನಿಂದಲೇ ಕಂದಕದ ತಳಕ್ಕೆ ಚುಚ್ಚಿದ. ಬೆಣ್ಣೆಗೆ ಚುಚ್ಚಿದ ಹಾಗೆ ಅದು ಅವನ ಕೈ ಹಿಡಿದಲ್ಲಿಯವರೆಗೂ ಇಳಿದುಹೋಯಿತು. ಎಂಜಿನಿಯರಿಗೆ ಅವನೇ ಫೋನು ಮಾಡಿದ.

ಆಸ್ಪತ್ರೆ ಬೇರೆ ಕಡೆ ಹೋಯಿತು. ಅವಳಿಗೆ ನೋಟಿಸು ಬಂತು. ನೆಪ ಹೂಡದೆ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟಳು. ಒಂದು ವರ್ಷದ ವೇತನ ಬಡ್ತಿ ಕೈತಪ್ಪಿತು. ಅದರ ಜೊತೆಗೇ ಹಳೆಯ ಪುಸ್ತಕಗಳನ್ನೆಲ್ಲ ನಕ್ಷೆಗೆ ಏರಿಸುವ ಕೆಲಸವೂ ಅವಳ ಕೊರಳಿಗೇ ಬಿತ್ತು. ಮಾವ ದಿನಾ ಬಂದು ಪಕ್ಕದಲ್ಲಿ ಕೂತು ಓದಿ ಹೇಳುವರು, ಅವಳು ಗುರುತು ಹಾಕುವಳು. ಮೂರನೆಯ ವಾರ ಇನ್ನೊಂದು ಕಲ್ಲುಗಣಿ ಸಿಕ್ಕಿತು. ಈಗಿನ ನಕ್ಷೆಯಲ್ಲಿ ಅಲ್ಲಿ ಹನ್ನೊಂದು ಕೆಂಪು ಮನೆಗಳಿದ್ದವು. ಈ ಸಲ ಎಂಜಿನಿಯರ್ ಒಂದೇ ಕರೆಗೆ ಫೋನೆತ್ತಿದರು. ಮಧ್ಯಾಹ್ನದ ಹೊತ್ತಿಗೆ ಮೂವರೂ ಮೊದಲನೆಯ ಮನೆಯ ಬಾಗಿಲು ತಟ್ಟುತ್ತಿದ್ದರು.